ಗೆಲುವಿನ ಆಟ, ಸೋಲಿನ ಕಥನ: ಕಾಳಗದ ವಿಡಿಯೋ ಆಟಗಳು ಮತ್ತು ಅವುಗಳ ಅನಿಮೆ ರೂಪಾಂತರ

ವಿಡಿಯೋ ಆಟಗಳನ್ನು ಆಧರಿಸಿದ ಚಲನಚಿತ್ರಗಳ ಕುರಿತ ವಿಮರ್ಶೆಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಆಟದಲ್ಲಿ ಕಥೆ ತೀರ ತೆಳುವಾದುದು, ಆದ್ದರಿಂದ ಅದರಿಂದ ಹುಟ್ಟಿದ ಚಿತ್ರವೂ ತೆಳುವಾಗಿರುತ್ತದೆ ಎಂಬುದೇ ಆ ಮಾತು. ಇಬ್ಬರು ಎದುರುಬದುರು ನಿಂತು ಹೊಡೆದಾಡುವ 'ಫೈಟಿಂಗ್ ಗೇಮ್' ಎಂಬ ಪ್ರಕಾರದ ವಿಷಯದಲ್ಲಂತೂ ಈ ಆಕ್ಷೇಪಣೆ ಹೆಚ್ಚಿನ ಪರಿಶೀಲನೆಯಿಲ್ಲದೆಯೇ ಒಪ್ಪಿತವಾಗಿಬಿಟ್ಟಿದೆ. ಆದರೆ ವಸ್ತುವಿನ ಕಿರಿದುತನವು ಕೃತಿಯ ಕಿರಿದುತನಕ್ಕೆ ಕಾರಣವಾಗಬೇಕೆಂಬ ನಿಯಮವೇನೂ ಇಲ್ಲ. ಒಂದು ಗದಾಯುದ್ಧವನ್ನೇ ಕೇಂದ್ರವಾಗಿಟ್ಟುಕೊಂಡು, ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಹಿಂದಿರುಗಿ ನೋಡಿದ ರನ್ನನನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಡಕು ಇರುವುದು ಬೇರೆಡೆಯಲ್ಲಿ. ಕಾಳಗದ ಆಟದಲ್ಲಿ ಸೋಲು ಉಳಿಯುವುದಿಲ್ಲ. ಕಥನದಲ್ಲಿ ಅದು ಉಳಿಯಲೇಬೇಕು. ಜಪಾನಿನಲ್ಲಿ 1992ರಿಂದ 1995ರವರೆಗೆ ಬಂದ ಕೆಲವು ಅನಿಮೆ ಕೃತಿಗಳನ್ನು ಮುಖ್ಯವಾಗಿ ಗಮನಿಸಿ, ಈ ಒಂದು ತೊಡಕನ್ನು ಅವು ಹೇಗೆ ಎದುರಿಸಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಕ್ಯಾಪ್‌ಕಾಮ್ ಸಂಸ್ಥೆಯು 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2' ಈ ಪ್ರಕಾರಕ್ಕೆ ಸ್ಥಿರವಾದ ಆಕೃತಿಯನ್ನು ನೀಡಿದ ಆಟ. ಆಡುವವನು ಆಯ್ದುಕೊಳ್ಳಬಹುದಾದ ಎಂಟು ಪಾತ್ರಗಳು, ಕೊನೆಯಲ್ಲಿ ಎದುರಾಗುವ ನಾಲ್ವರು ಪ್ರಬಲ ಎದುರಾಳಿಗಳು, ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವನಿಗೆ ಜಯ. ತೆರೆಯ ಮೇಲ್ಭಾಗದಲ್ಲಿ ಇಬ್ಬರ ಕಸುವನ್ನು ತೋರಿಸುವ ಪಟ್ಟಿಗಳಿರುತ್ತವೆ. ಪೆಟ್ಟು ಬಿದ್ದಂತೆಲ್ಲ ಪಟ್ಟಿ ಸವೆಯುತ್ತದೆ. ಮುಂದಿನ ಸುತ್ತು ಆರಂಭವಾಗುವಾಗ ಮತ್ತೆ ತುಂಬಿ ನಿಲ್ಲುತ್ತದೆ. ಎಂದರೆ ಇಲ್ಲಿಯ ದೇಹಕ್ಕೆ ನೆನಪಿಲ್ಲ. ಸೋತವನ ಜಜ್ಜಿಹೋದ ಮುಖವು ಒಂದು ಕ್ಷಣ ತೆರೆಯ ಮೇಲೆ ಕಾಣಿಸುತ್ತದೆ, ಅಂಕಿಗಳು ಒಂಬತ್ತರಿಂದ ಸೊನ್ನೆಯತ್ತ ಇಳಿಯುತ್ತವೆ. ಅಷ್ಟರೊಳಗೆ ಇನ್ನೊಂದು ನಾಣ್ಯ ಹಾಕಿದರೆ ಆ ಸೋಲು ಸಂಭವಿಸಲೇ ಇಲ್ಲವೆಂಬಂತೆ ಆಟ ಮುಂದುವರಿಯುತ್ತದೆ. ಆರ್ಕೇಡ್ ಅಂಗಡಿಗಳ ವ್ಯವಹಾರವೂ ಇದನ್ನೇ ಅವಲಂಬಿಸಿತ್ತು. ಇಬ್ಬರು ಆಡುವಾಗ ಗೆದ್ದವನು ಹಾಕಿದ ನಾಣ್ಯದಲ್ಲೇ ಮುಂದುವರಿಯುತ್ತಾನೆ, ಸೋತವನು ಹೊಸ ನಾಣ್ಯ ತೆರಬೇಕು. ಯಂತ್ರದ ಆದಾಯವೆಲ್ಲ ಸೋಲಿನಿಂದ ಬರುವಂಥದು. ಹಾಗಿದ್ದೂ ಆ ಯಂತ್ರದೊಳಗೆ ಸೋಲಿನ ಗುರುತು ಮಾತ್ರ ನಿಲ್ಲದು.

ಎರಡನೆಯದಾಗಿ, ಆಟದಲ್ಲಿ ಯಾರೂ ನಾಯಕರಲ್ಲ. ಯಾವ ಪಾತ್ರವನ್ನು ಆಯ್ದರೂ ಆ ಪಾತ್ರಕ್ಕೆ ತನ್ನದೇ ಮುಕ್ತಾಯವಿದೆ. ತಂದೆಯ ಸಾವಿಗೆ ಸೇಡು ತೀರಿಸಿಕೊಂಡ ಚುನ್-ಲೀಯ ಮುಕ್ತಾಯವೂ ಗೆಳೆಯನ ಸಾವಿಗೆ ಕಾರಣನಾದವನನ್ನು ಸದೆಬಡಿದ ಗೈಲ್‌ನ ಮುಕ್ತಾಯವೂ ಏಕಕಾಲದಲ್ಲಿ ನಿಜ. ಇಬ್ಬರೂ ಮಣಿಸಿದ್ದು ಒಬ್ಬನನ್ನೇ ಎಂಬುದು ಆಟಕ್ಕೆ ತೊಡಕಲ್ಲ. 1992ರ 'ಚಾಂಪಿಯನ್ ಎಡಿಷನ್' ಆವೃತ್ತಿಯಲ್ಲಿ ಒಂದೇ ಪಾತ್ರವನ್ನು ಇಬ್ಬರೂ ಆಯ್ದುಕೊಂಡು ಆಡುವ ಅವಕಾಶ ಬಂದಿತು. ಬಣ್ಣವೊಂದನ್ನು ಬಿಟ್ಟರೆ ಎಲ್ಲ ವಿಧದಲ್ಲೂ ಸಮನಾದ ರಿಯು ಇನ್ನೊಬ್ಬ ರಿಯುವಿನೊಡನೆ ಕಾದುತ್ತಾನೆ. ಕಥೆ ಇದನ್ನು ಹೇಗೆ ತಾನೇ ನಿರೂಪಿಸೀತು? ಆಟವು ಎಲ್ಲ ಸಾಧ್ಯತೆಗಳನ್ನೂ ಏಕಕಾಲಕ್ಕೆ ತೆರೆದಿಡುತ್ತದೆ. ಕಥೆಯು ಒಂದನ್ನು ಆಯ್ದು ಉಳಿದುವನ್ನು ಮುಚ್ಚಬೇಕಾಗುತ್ತದೆ. ಮೂಲನಿಷ್ಠೆಯ ಅಳತೆಗೋಲು ಇಲ್ಲಿ ನಿರುಪಯುಕ್ತವಾಗುವುದು ಈ ಕಾರಣಕ್ಕಾಗಿ. ಎಲ್ಲರೂ ಗೆಲ್ಲಬಹುದಾದ ಮೂಲಕ್ಕೆ ನಿಷ್ಠವಾಗಿರುವುದೆಂದರೆ ಯಾರ ಗೆಲುವಿಗೆ ನಿಷ್ಠವಾಗಿರುವುದು?

ಈ ತೊಡಕನ್ನು ಮೊದಲು ಎದುರಿಸಿದ್ದು ಎಸ್‌ಎನ್‌ಕೆ ಸಂಸ್ಥೆಯ 'ಫೇಟಲ್ ಫ್ಯೂರಿ'ಯ ರೂಪಾಂತರಗಳು. 1991ರಲ್ಲಿ ಬಂದ ಆ ಆಟದ ನಿರ್ಮಾತೃ ತಕಾಶಿ ನಿಶಿಯಾಮ, 1987ರ ಮೊದಲ 'ಸ್ಟ್ರೀಟ್ ಫೈಟರ್' ಆಟವನ್ನು ರೂಪಿಸಿದವರೂ ಅವರೇ. ಇಲ್ಲಿ ಆಡುವವನಿಗೆ ದೊರೆಯುವುದು ಟೆರಿ ಬೊಗಾರ್ಡ್, ಅವನ ತಮ್ಮ ಆಂಡಿ, ಗೆಳೆಯ ಜೋ ಹಿಗಾಶಿ ಎಂಬ ಮೂವರು ಮಾತ್ರ. ಸಾಕುತಂದೆಯನ್ನು ಕೊಂದ ಗೀಸ್ ಹೊವಾರ್ಡ್ ಎಂಬವನ ಮೇಲಿನ ಸೇಡು ಆಟದಲ್ಲಿಯೇ ಅಡಕವಾಗಿದೆ. ನಾಯಕ-ಪ್ರತಿನಾಯಕರ ವಿಂಗಡಣೆ ಮೊದಲೇ ಆಗಿರುವುದರಿಂದ 1992ರ ಡಿಸೆಂಬರಿನಲ್ಲಿ ಕಿರುತೆರೆಯಲ್ಲಿ ಪ್ರಸಾರವಾದ ಮೊದಲ ಅನಿಮೆಗೆ ಆಯ್ಕೆಯ ಕಷ್ಟವೇ ಇರಲಿಲ್ಲ. ಅದು ಅಚ್ಚುಕಟ್ಟಾದ ಸೇಡಿನ ಕಥೆ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ವಿಮರ್ಶಕನನ್ನು ತಡೆದು ನಿಲ್ಲಿಸುವುದು 1993ರಲ್ಲಿ ಬಂದ ಎರಡನೆಯ ಭಾಗ. ವೋಲ್ಫ್‌ಗಾಂಗ್ ಕ್ರೌಸರ್ ಎಂಬ ಜರ್ಮನ್ ಪ್ರಭು ಟೆರಿಯನ್ನು ಹುಡುಕಿಕೊಂಡು ಬರುತ್ತಾನೆ, ಕಾದುತ್ತಾನೆ, ನಿರಾಯಾಸವಾಗಿ ಸೋಲಿಸಿಬಿಡುತ್ತಾನೆ. ಆ ಬಳಿಕ ಬಹುಕಾಲ ಈ ಅನಿಮೆಯಲ್ಲಿ ಟೆರಿ ಕಾದುವುದಿಲ್ಲ, ಕುಡಿಯುತ್ತಾನೆ. ಅವನನ್ನು ವೀರನೆಂದು ನಂಬಿ ಹಿಂಬಾಲಿಸುವ ಹುಡುಗನೊಬ್ಬನ ಕಣ್ಣೆದುರಿನಲ್ಲೇ ಕುಸಿಯುತ್ತಾನೆ. ಆಟದಲ್ಲಿ ಹತ್ತು ಎಣಿಸುವಷ್ಟರಲ್ಲಿ ಅಳಿಸಿಹೋಗುವ ಸೋಲು ಇಲ್ಲಿ ದಿನ, ವಾರಗಳ ಭಾರವನ್ನು ಪಡೆದುಕೊಳ್ಳುತ್ತದೆ. ಕೊನೆಯಲ್ಲಿ ಮರುಪಂದ್ಯವುಂಟು, ಗೆಲುವೂ ಉಂಟು. ಆದರೆ ನೋಡಿದವರ ಮನಸ್ಸಿನಲ್ಲಿ ನಿಲ್ಲುವುದು ಆ ಗೆಲುವಲ್ಲ. ಚಿತ್ರಣದ ದೃಷ್ಟಿಯಿಂದ ಇದು ಸಾಧಾರಣ ಕೃತಿಯೇ. ಆದರೂ ಆಟವು ಕೊಡಲಾರದ ಒಂದನ್ನು ಅದು ಗುರುತಿಸಿತು ಎಂಬುದನ್ನು ಒಪ್ಪಬೇಕಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ 1994ರ ಜುಲೈನಲ್ಲಿ ತೆರೆಕಂಡ ಇದೇ ಸರಣಿಯ ಚಲನಚಿತ್ರ. ನಿರ್ದೇಶಕ ಮಸಾಮಿ ಓಬಾರಿ ರೇಖೆಯ ವೇಗದಲ್ಲಿ, ದೇಹಗಳ ತಿರುವಿನಲ್ಲಿ ಅಸಾಧಾರಣ ಹಿಡಿತವುಳ್ಳವರು. ಚಿತ್ರಕ್ಕೆ ಹಣವೂ ಶ್ರಮವೂ ಹಿಂದಿನ ಎರಡಕ್ಕಿಂತ ಹೆಚ್ಚಾಗಿ ಸಂದಿರುವುದು ತೆರೆಯ ಮೇಲೆ ಎದ್ದು ಕಾಣುತ್ತದೆ. ಆದರೆ ಕಥೆಗಾಗಿ ಆಟದ ಹೊರಗಿನಿಂದ ಮಂಗಳದೇವತೆಯ ಕವಚ, ಅದನ್ನು ಅರಸುವ ಲಾವೊಕಾರ್ನ್ ಎಂಬ ಪ್ರತಿನಾಯಕ, ಅವನನ್ನು ತಡೆಯಲು ಟೆರಿಯ ನೆರವು ಬೇಡುವ ಅವನ ಅವಳಿ ಸೋದರಿ ಸುಲಿಯಾ ಇವರನ್ನೆಲ್ಲ ತರಲಾಗಿದೆ. ಎದುರಾಳಿಯು ದೈವೀ ಕವಚ ತೊಟ್ಟವನಾದ ಮೇಲೆ ಸಮಬಲರ ಕಾಳಗ ಎಂಬ ಮೂಲ ಕಲ್ಪನೆಯೇ ಬಿದ್ದುಹೋಗುತ್ತದೆ. ಉಳಿಯುವುದು ಲೋಕರಕ್ಷಣೆಯ ಸಾಹಸಕಥೆ ಮಾತ್ರ. 'ತೆಳುವಾದ ಕಥೆ'ಯನ್ನು ದಪ್ಪಗಾಗಿಸುವ ಆತುರ ಏನನ್ನು ಕಳೆಯುತ್ತದೆಂಬುದಕ್ಕೆ ಇದು ಸಾಕ್ಷಿಯಾಗಿ ನಿಂತಿದೆ.

ಅದೇ ವರ್ಷದ ಆಗಸ್ಟಿನಲ್ಲಿ 'ಸ್ಟ್ರೀಟ್ ಫೈಟರ್ 2'ರ ಅನಿಮೆ ಚಲನಚಿತ್ರ ಬಿಡುಗಡೆಯಾಯಿತು. ಗ್ರೂಪ್ ಟ್ಯಾಕ್ ಸಂಸ್ಥೆಯ ನಿರ್ಮಾಣ, ಗಿಸಾಬುರೊ ಸುಗಿಯಿ ಅವರ ನಿರ್ದೇಶನ. ಸುಗಿಯಿ ಹೊಡೆದಾಟದ ಚಿತ್ರಗಳಿಂದ ಬಂದವರಲ್ಲ. ಕೆಂಜಿ ಮಿಯಾಜಾವಾ ಅವರ ಕಥೆಯನ್ನು ಆಧರಿಸಿ 1985ರಲ್ಲಿ 'ನೈಟ್ ಆನ್ ದ ಗ್ಯಾಲಕ್ಟಿಕ್ ರೈಲ್‌ರೋಡ್' ಎಂಬ ನಿಧಾನಗತಿಯ, ಸಾವನ್ನು ಕುರಿತು ಧ್ಯಾನಿಸುವ ಚಿತ್ರವನ್ನು ಮಾಡಿದವರು. ಆ ನಿಧಾನ ಇಲ್ಲಿಯೂ ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಚರ್ಚೆಯಲ್ಲಿ ಪಾತ್ರಗಳಿಗೆ ಜಪಾನಿನ ಹೊರಗೆ ಬಳಕೆಯಲ್ಲಿರುವ ಹೆಸರುಗಳನ್ನೇ ಬಳಸಲಾಗಿದೆ. ಜಪಾನಿನಲ್ಲಿ ಬೈಸನ್ ಎಂಬುದು ಮುಷ್ಟಿಕಾಳಗದವನ ಹೆಸರು. ಅವನು ಮೈಕ್ ಟೈಸನ್‌ರನ್ನು ಹೋಲುತ್ತಿದ್ದುದರಿಂದ ವ್ಯಾಜ್ಯ ಬಂದೀತೆಂಬ ಅಂಜಿಕೆಯಿಂದ ಹೊರದೇಶಗಳಿಗೆ ಮೂವರು ಪ್ರತಿನಾಯಕರ ಹೆಸರುಗಳನ್ನು ಅದಲುಬದಲು ಮಾಡಲಾಯಿತು. ಇದನ್ನು ಅರಿಯದೆ ಎರಡು ಭಾಷೆಗಳ ಬರಹಗಳನ್ನು ಹೋಲಿಸಹೊರಟವರು ತಬ್ಬಿಬ್ಬಾಗುವುದು ಖಚಿತ.

ಆಟದ ದೇಹಗಳಿಗೆ ನೆನಪಿಲ್ಲವೆಂದು ಮೇಲೆ ಹೇಳಿದೆ. ಅದಕ್ಕೆ ಎದ್ದುಕಾಣುವ ಒಂದು ಅಪವಾದವುಂಟು. ಥಾಯ್ಲೆಂಡಿನ ಸಾಗತ್‌ನ ಎದೆಯ ಮೇಲೊಂದು ಉದ್ದನೆಯ ಗಾಯದ ಗುರುತಿದೆ. 1987ರ ಮೊದಲ ಆಟದ ಸಾಗತ್‌ನಿಗೆ ಅದಿಲ್ಲ. 1991ರ ಸಾಗತ್‌ನಿಗೆ ಇದೆ. ರಿಯುವಿನ ಮೇಲ್ಮುಖದ ಹೊಡೆತದಿಂದ ಆದ ಗಾಯವದು. ಆಟವು ನೆನಪಿಟ್ಟುಕೊಂಡ ಸೋಲು ಇದು. ಸುಗಿಯಿ ತಮ್ಮ ಚಿತ್ರವನ್ನು ಆರಂಭಿಸುವುದು ಸರಿಯಾಗಿ ಇಲ್ಲಿಂದಲೇ. ಗಾಳಿಗೆ ಬಾಗುವ ಹುಲ್ಲು, ಮಿಂಚಿನ ಬೆಳಕಿನಲ್ಲಿ ಕ್ಷಣಕ್ಷಣಕ್ಕೆ ಕಂಡು ಮರೆಯಾಗುವ ಎರಡು ದೇಹಗಳು. ಸಾಗತ್‌ನ ಎದೆ ಸೀಳುತ್ತದೆ. ರೊಚ್ಚಿಗೆದ್ದು ಅವನು ಮುನ್ನುಗ್ಗುತ್ತಾನೆ, ರಿಯುವಿನ ಅಂಗೈಗಳ ನಡುವೆ ಬೆಳಕು ಮೂಡುತ್ತದೆ, ಅಷ್ಟರಲ್ಲಿ ಚಿತ್ರದ ಹೆಸರು ತೆರೆಯನ್ನು ತುಂಬುತ್ತದೆ. ಆ ಹೊಡೆತ ಮುಟ್ಟಿದುದನ್ನು ನಾವು ನೋಡುವುದಿಲ್ಲ. ಮುಂದೆ ಸಾಗತ್ ಬೈಸನ್ನನ ಪರಿವಾರದಲ್ಲಿ ಕಾಣಿಸಿಕೊಂಡರೂ ಅವನಿಗೆ ಮರುಪಂದ್ಯ ದೊರೆಯುವುದಿಲ್ಲ. ನಾಣ್ಯ ಹಾಕಿ ಅಳಿಸಲಾಗದ ಸೋಲನ್ನು ಅವನು ಮೈಮೇಲೆ ಹೊತ್ತು ತಿರುಗುತ್ತಾನೆ.

ಚಿತ್ರದ ಕೊನೆಯನ್ನೂ ಇದರೊಡನೆ ಇಟ್ಟು ನೋಡಬೇಕು. ಸತ್ತನೆಂದುಕೊಂಡ ಬೈಸನ್ ಲಾರಿಯೊಂದನ್ನು ರಿಯುವಿನ ಮೇಲೆ ನುಗ್ಗಿಸುತ್ತಾನೆ, ರಿಯು ಅದರತ್ತ ನೆಗೆಯುತ್ತಾನೆ, ಚಿತ್ರ ಮುಗಿಯುತ್ತದೆ. ಆರಂಭದ ಹೊಡೆತವೂ ಕೊನೆಯ ನೆಗೆತವೂ ಅರ್ಧಕ್ಕೆ ನಿಂತವು. ಇದನ್ನು ಮುಂದಿನ ಭಾಗಕ್ಕೆ ಬಾಗಿಲು ತೆರೆದಿಡುವ ವ್ಯಾಪಾರೀ ತಂತ್ರವೆಂದು ತಳ್ಳಿಹಾಕಬಹುದು. ಆದರೆ ಫಲಿತಾಂಶವನ್ನು ಮುಚ್ಚದೆ ಬಿಡುವ ಆಟದ ಗುಣವನ್ನು ಕಥನದೊಳಗೆ ಉಳಿಸಿಕೊಳ್ಳುವ ದಾರಿ ಇದಕ್ಕಿಂತ ಸಮಂಜಸವಾದುದು ಇನ್ನೊಂದಿರಲಾರದು.

ಈ ಎರಡು ಅಪೂರ್ಣ ಹೊಡೆತಗಳ ನಡುವೆ ನಾಯಕನನ್ನು ಬಹುಮಟ್ಟಿಗೆ ಮರೆಯಲ್ಲಿರಿಸಲಾಗಿದೆ. ಬೈಸನ್ ಜಗತ್ತಿನ ಬೀದಿಕಾಳಗಗಳನ್ನೆಲ್ಲ ಯಂತ್ರಮಾನವರ ಕಣ್ಣುಗಳ ಮೂಲಕ ದಾಖಲಿಸುತ್ತಾನೆ. ಆ ಕಣ್ಣುಗಳು ಹೋರಾಟಗಾರರ ಬಲವನ್ನು ಅಂಕಿಗಳಲ್ಲಿ ಅಳೆಯುತ್ತವೆ. ರಿಯು ಮಾತ್ರ ಎಲ್ಲಿಯೂ ನೆಲೆ ನಿಲ್ಲದೆ ಅಲೆಯುತ್ತಿರುತ್ತಾನೆ. ಪಾತ್ರಗಳನ್ನು ಬಲಾಬಲದ ಪಟ್ಟಿಗಳಾಗಿ ನೋಡುವ ಈ ದೃಷ್ಟಿ ಆಟಗಾರನದೇ ಎಂಬುದನ್ನು ಗಮನಿಸಬೇಕು. ಚಿತ್ರ ಅದನ್ನು ಖಳನಿಗೆ ಒಪ್ಪಿಸಿದೆ. ಕಸುವಿನ ಪಟ್ಟಿಯನ್ನು ತೆರೆಯ ಮೇಲಿಂದ ತೆಗೆದು ಬೈಸನ್ನನ ಕೋಣೆಯಲ್ಲಿ ಇಟ್ಟದ್ದು ಸುಗಿಯಿಯವರ ಸೂಕ್ಷ್ಮತೆಗೆ ನಿದರ್ಶನ.

ಕಾಳಗದ ದೃಶ್ಯಗಳಲ್ಲಿ ಚುನ್-ಲೀ ಮತ್ತು ವೇಗಾರ ನಡುವಣದು ಅತ್ಯಂತ ಪ್ರಸಿದ್ಧ. ಇಕ್ಕಟ್ಟಾದ ವಸತಿಯೊಳಗೆ ಪೀಠೋಪಕರಣಗಳೇ ಆಯುಧಗಳಾಗುತ್ತವೆ, ಪ್ರತಿಯೊಂದು ಪೆಟ್ಟಿಗೂ ತೂಕವಿದೆ. ಗೆಲ್ಲುವವಳು ಚುನ್-ಲೀ, ಆದರೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುವವಳೂ ಅವಳೇ. ಇಲ್ಲಿಯ ಗೆಲುವಿಗೆ ದೇಹ ಬೆಲೆ ತೆರುತ್ತದೆ. ಇದೇ ದೃಶ್ಯಕ್ಕೆ ಮುನ್ನ ಅವಳ ಸ್ನಾನವನ್ನು ಕ್ಯಾಮೆರಾ ಇಣುಕಿ ನೋಡುವ ಬಗೆ ಮಾತ್ರ ಯಾವ ಕಲಾತ್ಮಕ ಸಮರ್ಥನೆಗೂ ಎಟುಕದು. ಕೊಲೆಗಾರನ ದೃಷ್ಟಿಯನ್ನು ಪ್ರೇಕ್ಷಕನಿಗೆ ಹಂಚುವ ನೆಪದಲ್ಲಿ ಹದಿಹರೆಯದ ಗ್ರಾಹಕರನ್ನು ಓಲೈಸಿದ್ದು ಅದು. ಇಂಗ್ಲಿಷ್ ಆವೃತ್ತಿಗಳಲ್ಲಿ ಈ ಭಾಗಕ್ಕೆ ಕತ್ತರಿ ಬಿದ್ದುದೂ ಉಂಟು. ಅಲ್ಲಿ ಸಂಗೀತವೂ ಬೇರೆಯೇ. ಜಪಾನೀ ಚಿತ್ರದ ತೆತ್ಸುಯಾ ಕೊಮುರೊ ಮೊದಲಾದವರ ಸಂಗೀತದ ಜಾಗದಲ್ಲಿ ರಾಕ್ ತಂಡಗಳ ಹಾಡುಗಳನ್ನು ತುಂಬಲಾಗಿದೆ. ಆ ಹಾಡುಗಳು ಆರ್ಭಟಿಸುವ ಕಡೆ ಮೂಲದಲ್ಲಿ ಎಷ್ಟೋ ವೇಳೆ ಬಿಡುವು ಇರುತ್ತದೆಂಬುದನ್ನು ಎರಡನ್ನೂ ನೋಡಿದವರು ಬಲ್ಲರು.

ಚಿತ್ರದ ತಿರುಳು ಇರುವುದು ಕೆನ್ ಮತ್ತು ರಿಯುವಿನ ಕಾಳಗದಲ್ಲಿ. ಬೈಸನ್ ಕೆನ್‌ನ ಮನಸ್ಸನ್ನು ವಶಪಡಿಸಿಕೊಂಡು ಗೆಳೆಯನ ಮೇಲೆಯೇ ಛೂ ಬಿಡುತ್ತಾನೆ. ಜಗತ್ತಿನಾದ್ಯಂತ ಆಟಗಾರರು ಅಸಂಖ್ಯ ಸಲ ಆಡಿದ ಪಂದ್ಯವಿದು. ಒಂದೇ ಗುರುವಿನ ಶಿಷ್ಯರು, ಒಂದೇ ವಿದ್ಯೆ, ಆಟದಲ್ಲಿ ಮೊದಮೊದಲು ಇಬ್ಬರೂ ಹೆಚ್ಚುಕಡಿಮೆ ತದ್ರೂಪಿಗಳು. ಆದರೆ ಇಲ್ಲಿ ರಿಯು ಕೈಯೆತ್ತುವುದಿಲ್ಲ. ಪೆಟ್ಟು ತಿನ್ನುತ್ತಾನೆ, ಗೆಳೆಯನ ಹೆಸರು ಹಿಡಿದು ಕರೆಯುತ್ತಾನೆ. ಆಟದಲ್ಲಿ ಗುಂಡಿ ಒತ್ತದೆ ನಿಂತವನು ಸುಮ್ಮನೆ ಸೋಲುತ್ತಾನೆ. ಚಿತ್ರದ ಮುಖ್ಯ ಕಾಳಗವು ಗುಂಡಿ ಒತ್ತಲು ನಿರಾಕರಿಸಿದವನದು. ಬಾಲ್ಯದಲ್ಲಿ ಕೆನ್ ತನ್ನ ತಲೆಗೂದಲಿಗೆ ಕಟ್ಟಿದ್ದ ಪಟ್ಟಿಯನ್ನು ಗೆಳೆಯನಿಗೆ ಕೊಟ್ಟ ಸಣ್ಣ ಘಟನೆಗೆ ಹಿಂದಿನ ದೃಶ್ಯಗಳಲ್ಲಿ ಅಷ್ಟು ಸಮಯ ಕೊಟ್ಟದ್ದು ಏಕೆಂಬುದು ಇಲ್ಲಿ ತಿಳಿಯುತ್ತದೆ.

ಹೀಗೆಂದ ಮಾತ್ರಕ್ಕೆ ಚಿತ್ರ ಎಲ್ಲ ಪಾತ್ರಗಳಿಗೂ ನ್ಯಾಯ ಸಲ್ಲಿಸಿದೆಯೆಂದಲ್ಲ. 1993ರ 'ಸೂಪರ್' ಆವೃತ್ತಿಯಲ್ಲಿ ಸೇರಿದ ನಾಲ್ವರನ್ನೂ ಕೂಡಿಸಿ ಹದಿನಾರು ಮಂದಿಗೆ ನೂರು ನಿಮಿಷಗಳಷ್ಟರಲ್ಲಿ ಸ್ಥಳ ಮಾಡಬೇಕಾಗಿತ್ತು. ಜಾಂಗೀಫ್, ಬ್ಲಾಂಕಾ, ಡೀ ಜೇ ಇವರೆಲ್ಲ ಹಾಜರಿ ಹಾಕಿ ಹೋಗುತ್ತಾರೆ. ಆಟದಲ್ಲಿ ಸಮಾನರಾಗಿದ್ದವರು ಚಿತ್ರದಲ್ಲಿ ಪರಿವಾರವಾಗುತ್ತಾರೆ.

ಆ ಪರಿವಾರದಲ್ಲಿ ಭಾರತೀಯ ಓದುಗರ ಗಮನ ಸೆಳೆಯುವವನು ಧಾಲ್ಸಿಂ. ಕೊರಳಲ್ಲಿ ತಲೆಬುರುಡೆಗಳ ಮಾಲೆ, ಬಾಯಿಂದ ಬೆಂಕಿ, ರಬ್ಬರಿನಂತೆ ಹಿಗ್ಗುವ ಕೈಕಾಲು, ಹಿನ್ನೆಲೆಯಲ್ಲಿ ಸಾಲು ಆನೆಗಳು: ಕಾಪಾಲಿಕನನ್ನೂ ಹಠಯೋಗಿಯನ್ನೂ ಸರ್ಕಸ್ಸನ್ನೂ ಬೆರೆಸಿದ ಕಲ್ಪನೆಯಿದು. ಯೋಗವೆಂದರೆ ಬೆಂಕಿ ಉಗುಳುವ ವಿದ್ಯೆಯೆಂಬ ಭಾವನೆ ಎಷ್ಟೋ ದೇಶಗಳ ಮಕ್ಕಳಲ್ಲಿ ಈ ಆಟದಿಂದಲೇ ಮೂಡಿರಬಹುದು. ಆ ಬುರುಡೆಗಳು ಊರಿನಲ್ಲಿ ವ್ಯಾಧಿಗೆ ಬಲಿಯಾದ ಮಕ್ಕಳವೆಂದು ಆಟದ ಕಥಾಟಿಪ್ಪಣಿ ಹೇಳುತ್ತದಾದರೂ ಆಡುವವನಿಗೆ ಅದು ಕಾಣದು. ಸುಗಿಯಿಯವರ ಚಿತ್ರದಲ್ಲಿ ಧಾಲ್ಸಿಂ ಭಾರತದಲ್ಲಿ ಹೋಂಡಾನೊಡನೆ ಪಂದ್ಯಕ್ಕೆ ನಿಂತು, ನಡುವೆಯೇ ರಿಯುವಿನ ಸಾನ್ನಿಧ್ಯವನ್ನು ಅರಿತು ಪಂದ್ಯವನ್ನು ಬಿಟ್ಟುಕೊಡುತ್ತಾನೆ. ದೃಶ್ಯ ಚಿಕ್ಕದು; ಭಾರತದ ಚಿತ್ರಣವೂ ಹಳೆಯ ಅಚ್ಚಿನದೇ. ಆದರೂ ಗೆಲುವನ್ನು ತಾನಾಗಿ ಕೈಬಿಡುವ ಕೆಲಸ ಅವನ ಪಾಲಿಗೆ ಬಂದುದು ಗಮನಾರ್ಹ.

ಅದೇ ನಿರ್ದೇಶಕರು ಅದೇ ಸಂಸ್ಥೆಗಾಗಿ 1995ರಲ್ಲಿ ಮಾಡಿದ 29 ಕಂತುಗಳ ಕಿರುತೆರೆ ಧಾರಾವಾಹಿ 'ಸ್ಟ್ರೀಟ್ ಫೈಟರ್ 2 ವಿ' ಈ ವಿಚಾರವನ್ನು ಇನ್ನೊಂದು ದಿಕ್ಕಿನಲ್ಲಿ ಬೆಳೆಸಿತು. ಇಲ್ಲಿ ರಿಯು ಮತ್ತು ಕೆನ್ ಹದಿನೇಳರ ಹುಡುಗರು, ತಮ್ಮ ಬಲದ ಬಗ್ಗೆ ಹೆಮ್ಮೆಯುಳ್ಳವರು. ಅಮೆರಿಕದಲ್ಲಿ ಸೈನಿಕ ಗೈಲ್ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ಥಳಿಸುತ್ತಾನೆ. ಆ ಸೋಲೇ ಧಾರಾವಾಹಿಯ ಆದಿ. ತಮಗಿಂತ ಬಲ್ಲವರನ್ನು ಅರಸಿ ಅವರು ಹೊರಡುವ ಯಾತ್ರೆ ಅದರಿಂದಲೇ ಹುಟ್ಟುತ್ತದೆ.

'ಹದೋಕೆನ್' ಎಂಬ ಶಕ್ತಿಗೋಳವನ್ನು ಹೊಮ್ಮಿಸಲು ಆಟಗಾರನು ಮಾಡಬೇಕಾದುದು ಇಷ್ಟೇ: ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಕಾಲುವೃತ್ತದಷ್ಟು ತಿರುಗಿಸಿ ಗುದ್ದಿನ ಗುಂಡಿ ಒತ್ತುವುದು. ಅದಕ್ಕೆ ಬೇಕಾಗುವುದು ಅರೆಕ್ಷಣ. ಧಾರಾವಾಹಿಯಲ್ಲಿ ರಿಯುವಿಗೆ ಈ ವಿದ್ಯೆ ಆರಂಭದಲ್ಲಿ ತಿಳಿದೇ ಇಲ್ಲ. ಅದನ್ನು ಅರಸಿಕೊಂಡು ಗೆಳೆಯರಿಬ್ಬರೂ ಭಾರತಕ್ಕೆ, ಧಾಲ್ಸಿಂನ ಬಳಿಗೆ ಬರುತ್ತಾರೆ. ಆಟದ ಬೆಂಕಿಯುಗುಳುವ ಯೋಗಿ ಇಲ್ಲಿ ಗುರುಸ್ಥಾನಕ್ಕೇರುತ್ತಾನೆ. ವಿದ್ಯೆ ಕೈಗೂಡಲು ಕಂತುಗಳೇ ಉರುಳುತ್ತವೆ. ಇಷ್ಟು ವಿಳಂಬವೇಕೆಂದು ಬೇಸರಿಸಿದ ಪ್ರೇಕ್ಷಕರಿದ್ದಾರೆ. ನಡುವಣ ಕೆಲವು ಕಂತುಗಳು ನಿಜಕ್ಕೂ ಸೊರಗಿವೆ. ಆದರೆ ಆಟವನ್ನು ಮೊದಲ ಸಲ ಆಡುವವನ ಅನುಭವವನ್ನು ನೆನೆದುಕೊಂಡರೆ ಈ ವಿಳಂಬಕ್ಕೆ ಅರ್ಥ ಬರುತ್ತದೆ. ಕಾಲುವೃತ್ತದ ಆ ತಿರುವು ಬೆರಳಿಗೆ ಒಗ್ಗುವವರೆಗೆ ಅವನು ಎಷ್ಟು ನಾಣ್ಯಗಳನ್ನು ಕಳೆದಿರುತ್ತಾನೆ! ಪಾತ್ರಕ್ಕೆ ಹುಟ್ಟಿನಿಂದಲೇ ಬರುವ ವಿದ್ಯೆ ಆಟಗಾರನಿಗೆ ಅಭ್ಯಾಸದಿಂದ ಮಾತ್ರ ಬರುತ್ತದೆ. ಧಾರಾವಾಹಿ ಆಟದ ಕಥೆಗೆ ನಿಷ್ಠವಾಗಿಲ್ಲ, ಆಡುವವನ ಸೋಲುಗಳಿಗೆ ನಿಷ್ಠವಾಗಿದೆ. ಇಂಥ ನಿಷ್ಠೆಯನ್ನು ಗುರುತಿಸಲು ನಮ್ಮ ರೂಪಾಂತರ ವಿಮರ್ಶೆ ಇನ್ನೂ ಪರಿಭಾಷೆಯನ್ನು ರೂಪಿಸಿಕೊಂಡಿಲ್ಲ.

ಇದೇ ಕಾಲದ ಉಳಿದ ಕೃತಿಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸೆಗಾ ಸಂಸ್ಥೆಯ 1993ರ 'ವರ್ಚುವಾ ಫೈಟರ್' ಮೂರು ಆಯಾಮದ ದೇಹಗಳನ್ನು ತಂದು, ಶಕ್ತಿಗೋಳಗಳನ್ನು ಬಿಟ್ಟು, ನೈಜ ಸಮರಕಲೆಗಳಿಗೆ ಹತ್ತಿರವಾದ ಆಟ. 1995-96ರಲ್ಲಿ ಬಂದ ಅದರ 35 ಕಂತುಗಳ ಧಾರಾವಾಹಿ ಆ ಸಂಯಮವನ್ನು ಮರೆತು ಮಾಮೂಲಿ ಪಯಣದ ಕಥೆಯಾಯಿತು. 1998ರ 'ಟೆಕ್ಕೆನ್' ಸುಮಾರು ಒಂದು ಗಂಟೆಯೊಳಗೆ ತಂದೆ-ಮಗನ ವೈರವನ್ನೂ ದ್ವೀಪದ ಪಂದ್ಯಾವಳಿಯನ್ನೂ ತುರುಕಿ ಎರಡನ್ನೂ ಕೆಡಿಸಿತು. ಆದರೆ ಈ ಸರಣಿಯ ಆಟಗಳಲ್ಲಿ ಒಂದು ಹೊಸ ಸಂಗತಿಯಿದೆ. ಒಂದು ಆಟ ಎಲ್ಲರಿಗೂ ಮುಕ್ತಾಯ ಕೊಟ್ಟರೂ, ಮುಂದಿನ ಆಟ ಅವುಗಳಲ್ಲೊಂದನ್ನೇ ನಡೆದ ಘಟನೆಯೆಂದು ಸ್ವೀಕರಿಸುತ್ತದೆ. 1994ರ ಮೊದಲ ಆಟದಲ್ಲಿ ಕಜುಯಾ ಗೆದ್ದನೆಂದೂ 1995ರ ಎರಡನೆಯದರಲ್ಲಿ ಅವನ ತಂದೆ ಹೈಹಾಚಿ ಗೆದ್ದನೆಂದೂ ಕ್ರಮೇಣ ನಿಗದಿಯಾಯಿತು. ಆಟವೇ ಆಯ್ಕೆ ಮಾಡಿ ಮುಗಿಸಿದ ಮೇಲೆ ರೂಪಾಂತರಕಾರನಿಗೆ ಉಳಿಯುವುದು ನಕಲು ತೆಗೆಯುವ ಕೆಲಸ. 1997ರ ಮೂರನೆಯ ಆಟವನ್ನು ಆಧರಿಸಿ 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಆರು ಕಂತುಗಳ 'ಟೆಕ್ಕೆನ್: ಬ್ಲಡ್‌ಲೈನ್' ಅಚ್ಚುಕಟ್ಟಾಗಿದ್ದೂ ಎಲ್ಲಿಯೂ ಬೆರಗು ಹುಟ್ಟಿಸದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಸುಗಿಯಿಯವರ ಚಿತ್ರದ ಪರಿಣಾಮ ಅನಿಮೆಗಿಂತ ಹೆಚ್ಚಾಗಿ ಆಟಗಳ ಮೇಲಾಯಿತು. 1995ರಲ್ಲಿ ಕ್ಯಾಪ್‌ಕಾಮ್ ಹೊರತಂದ 'ಸ್ಟ್ರೀಟ್ ಫೈಟರ್ ಆಲ್ಫಾ' ಪಾತ್ರಗಳ ತಾರುಣ್ಯಕ್ಕೆ ಹಿಂದಿರುಗಿತು. ಅದರಲ್ಲಿ ಅಡಗಿಸಿಟ್ಟ ಒಂದು ಬಗೆಯ ಪಂದ್ಯದಲ್ಲಿ ಇಬ್ಬರು ಆಟಗಾರರು ರಿಯು ಮತ್ತು ಕೆನ್ ಆಗಿ ಒಟ್ಟಿಗೆ ನಿಂತು ಬೈಸನ್ನನನ್ನು ಎದುರಿಸಬಹುದು. ಇದು ಚಿತ್ರದ ಅಂತಿಮ ಕಾಳಗದ ಮರುಸೃಷ್ಟಿ. ಒಬ್ಬರನ್ನೊಬ್ಬರು ಸೋಲಿಸಲೆಂದೇ ರಚಿತವಾದ ಯಂತ್ರದಲ್ಲಿ ಇಬ್ಬರು ಜೊತೆಗೂಡುವ ಅವಕಾಶ ಕಥನದಿಂದ ಬಂದ ಕೊಡುಗೆ. ರೂಪಾಂತರವನ್ನು ಮೂಲದ ನೆರಳೆಂದು ಬಗೆಯುವವರು ಈ ಹಿಮ್ಮುಖ ಚಲನೆಯನ್ನು ಗಮನಿಸಬೇಕು.

ಇದೇ ಚಿತ್ರದ ದೃಶ್ಯಗಳನ್ನೇ ಬಳಸಿಕೊಂಡು ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್ ಯಂತ್ರಗಳಿಗಾಗಿ ಇನ್ನೊಂದು ಆಟವೂ ಜಪಾನಿನಲ್ಲಿ ಬಂದಿತು. ಅದರಲ್ಲಿ ಆಡುವವನು ರಿಯುವೂ ಅಲ್ಲ, ಕೆನ್ ಕೂಡ ಅಲ್ಲ. ಬೈಸನ್ ಕಳುಹಿಸಿದ ಯಂತ್ರಮಾನವ. ಚಿತ್ರವನ್ನು ನೋಡುತ್ತ, ಕಾಳಗಗಳ ವಿವರಗಳನ್ನು ಒಂದೊಂದಾಗಿ ದಾಖಲಿಸಿಕೊಳ್ಳುತ್ತ ಅವನು ಬಲ ಗಳಿಸಬೇಕು. ಆ ಅರಿವಿನಷ್ಟನ್ನೇ ನೆಚ್ಚಿಕೊಂಡು ಕೊನೆಯಲ್ಲಿ ರಿಯುವಿನೆದುರು ನಿಲ್ಲಬೇಕು.